ಪರದೇಶಕ್ಕೆ ಹೊರಡುವ ಮುನ್ನ: ಮೊದಲ ಪಾಸ್‌ಪೋರ್ಟಿನ ವಿಚಾರ

ಹೊಟ್ಟೆಪಾಡಿಗಾಗಿ ಊರು ಬಿಡುವುದು ನಮ್ಮವರಿಗೆ ಹೊಸತಲ್ಲ. ಉಡುಪಿ, ಕುಂದಾಪುರ, ಕಾರ್ಕಳ, ಕುಮಟೆಗಳ ಹಳ್ಳಿಗಳಿಂದ ಹೊರಟು, ಮಂಗಳೂರಿನಲ್ಲಿ ಹಡಗು ಹತ್ತಿಯೋ ಘಟ್ಟವೇರಿ ರೈಲು ಹಿಡಿದೋ ಮುಂಬಯಿಯನ್ನು ಸೇರಿದ ಹಿರಿಯರ ಕೈಯಲ್ಲಿ ಇದ್ದ ಕಾಗದವೆಂದರೆ ಬಹುಮಟ್ಟಿಗೆ ಒಂದೇ: ಊರಿನವರೊಬ್ಬರ ಹೋಟೆಲಿನ ವಿಳಾಸ ಬರೆದ ಚೀಟಿ. ಅಲ್ಲಿಗೆ ತಲುಪಿದ ಮೇಲೆ ಪತ್ರಗಳೆಲ್ಲಿ ಎಂದು ಅವರನ್ನು ಕೇಳಿದವರಿಲ್ಲ. ಯಾವ ಊರು, ಯಾರ ಮಗ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಸಾಕು, ಊಟಕ್ಕೂ ಮಲಗುವುದಕ್ಕೂ ಠಾವು ದೊರೆಯುತ್ತಿತ್ತು. ತಟ್ಟೆ ತೊಳೆಯುವುದರಿಂದ ಮೊದಲ್ಗೊಂಡು, ಮಾಣಿಯಾಗಿ, ಗಲ್ಲೆಯ ಮೇಲೆ ಕುಳಿತು, ಕೊನೆಗೆ ತಮ್ಮದೇ ಹೋಟೆಲು ತೆರೆದವರನೇಕರು ಹೀಗೆಯೇ ಬಂದವರು.

ಕಡಲು ದಾಟುವ ದಾರಿ ಹಾಗಲ್ಲ. ಇಂದು ನಮ್ಮ ಹೋಟೆಲುಗಳ ಅಡಿಗೆಯವರಿಗೂ ಬಡಿಸುವವರಿಗೂ ದುಬಾಯಿ, ಮಸ್ಕತ್, ದೋಹಾಗಳಿಂದ ಕರೆ ಬರುತ್ತದೆ. ಕಚೇರಿಗಳ ಗುಮಾಸ್ತರಿಗೂ ಅಲ್ಲಿ ಕೆಲಸಗಳುಂಟು. 2006ರಿಂದ ಮಂಗಳೂರಿನ ಬಜ್ಪೆಯಿಂದಲೇ ದುಬಾಯಿಗೆ ನೇರ ವಿಮಾನವಿದೆ. ಆದರೆ ವಿಮಾನದ ಮೆಟ್ಟಿಲು ಹತ್ತಬೇಕಾದರೆ, ಹತ್ತುವವನು ಯಾರು ಎಂಬುದಕ್ಕೆ ಭಾರತ ಸರ್ಕಾರವೇ ಸಾಕ್ಷಿ ನುಡಿಯಬೇಕು. ಆ ಸಾಕ್ಷಿಪತ್ರವೇ ಪಾಸ್‌ಪೋರ್ಟು. ಕೆಲಸದ ಪತ್ರ ಬಂದ ಮೇಲೆ ಪಾಸ್‌ಪೋರ್ಟಿಗೆ ಓಡಾಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಅರ್ಜಿ ತುಂಬುವುದು ಅರ್ಧ ದಿನದ ಕೆಲಸ. ಅದಕ್ಕೆ ಬೇಕಾದ ಪತ್ರಗಳು ಒಂದಕ್ಕೊಂದು ಹೊಂದುವಂತೆ ಮಾಡಿಕೊಳ್ಳುವುದು ಕೆಲವೊಮ್ಮೆ ತಿಂಗಳುಗಳ ಕೆಲಸ. ಈ ಎರಡನೆಯ ಕೆಲಸವನ್ನು ಕುರಿತೇ ನಮ್ಮ ವಾಚಕ ಬಾಂಧವರೊಡನೆ ನಾವಿಲ್ಲಿ ಮುಖ್ಯವಾಗಿ ಮಾತನಾಡಬಯಸುತ್ತೇವೆ.

ಬೇಡುವ ವಸ್ತುವಲ್ಲ

ಪಾಸ್‌ಪೋರ್ಟು ಕಚೇರಿ ಎಂದರೆ ನಮ್ಮವರಲ್ಲನೇಕರಿಗೆ ಒಂದು ಬಗೆಯ ಅಳುಕು. ದೊಡ್ಡವರ ಶಿಫಾರಸು ಬೇಕು, ಯಾರದಾದರೂ ಕೈ ಬಿಸಿ ಮಾಡಬೇಕು, ಇಲ್ಲವಾದರೆ ಏಜೆಂಟನ ಮೂಲಕವೇ ಹೋಗಬೇಕು ಎಂಬ ಭಾವನೆ ಇನ್ನೂ ಅಳಿದಿಲ್ಲ. ಇದಕ್ಕೆ ಹಳೆಯ ಕಾಲದ ಕಾರಣವೊಂದುಂಟು. 1967ರವರೆಗೆ ನಮ್ಮ ದೇಶದಲ್ಲಿ ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿಗೆ ಸೇರಿದ ಸಂಗತಿಯಾಗಿತ್ತು. ಅದನ್ನು ಕಟ್ಟುಪಾಡಿಗೆ ಒಳಪಡಿಸುವ ಕಾನೂನಿರಲಿಲ್ಲ. ಆ ವರ್ಷದ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಸ್ಥರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಪರದೇಶಕ್ಕೆ ಹೋಗಿಬರುವ ಹಕ್ಕು ಸಂವಿಧಾನದ 21ನೆಯ ವಿಧಿ ಹೇಳುವ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತರು. ಕಾನೂನಿನ ಆಧಾರವಿಲ್ಲದೆ ಸರ್ಕಾರ ಅದನ್ನು ತಡೆಯುವಂತಿಲ್ಲ ಎಂದಾಯಿತು. ಆ ತೀರ್ಪಿನ ಫಲವಾಗಿಯೇ ಅದೇ ವರ್ಷ ಜೂನ್ 24ರಂದು ಪಾಸ್‌ಪೋರ್ಟು ಕಾಯಿದೆ ಜಾರಿಗೆ ಬಂದಿತು. 1978ರಲ್ಲಿ ಮನೇಕಾ ಗಾಂಧಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದಿಟ್ಟು, ಕಾನೂನಿದ್ದರೆ ಸಾಲದು, ಅದು ಅನುಸರಿಸುವ ಕ್ರಮವೂ ನ್ಯಾಯಸಮ್ಮತವಾಗಿರಬೇಕು ಎಂದು ಸಾರಿತು.

ಆದಕಾರಣ, ಕೌಂಟರಿನ ಮುಂದೆ ನಿಲ್ಲುವ ಹೋಟೆಲು ನೌಕರನು ದಾನ ಬೇಡಲು ಬಂದವನಲ್ಲ. ಕೇಳಿದ ಪತ್ರಗಳನ್ನು ಸರಿಯಾಗಿ ಒದಗಿಸಿದರೆ ಪಾಸ್‌ಪೋರ್ಟು ಅವನಿಗೆ ಸಲ್ಲತಕ್ಕದ್ದು. ನಿರಾಕರಿಸುವುದಾದರೆ ಕಾಯಿದೆಯಲ್ಲಿ ಹೇಳಿದ ಕಾರಣವಿರಬೇಕು. ಈ ತಿಳಿವಳಿಕೆ ಇದ್ದರೆ ಅರ್ಧ ಅಳುಕು ಕಳೆಯುತ್ತದೆ. ಉಳಿದರ್ಧವು ಪತ್ರಗಳಿಗೆ ಸಂಬಂಧಿಸಿದ್ದು.

ಹೆಸರಿನ ತೊಡಕು

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರಿನದು. ಇದು ನಮ್ಮಂತಹ ವಲಸೆಗಾರರಿಗೆ ವಿಶೇಷವಾಗಿ ಗಂಟುಬಿದ್ದಿರುವುದು. ಊರಿನ ಶಾಲೆಯಲ್ಲಿ ಒಬ್ಬ ಹುಡುಗನ ಹೆಸರು ಕೆ. ಎಸ್. ಮಂಜುನಾಥ ಎಂದಿತ್ತೆಂದು ಊಹಿಸೋಣ. ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಅವನು ಮುಂಬಯಿಗೆ ಬಂದಾಗ ಇಲ್ಲಿಯ ಗುಮಾಸ್ತನು ಮಹಾರಾಷ್ಟ್ರದ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಕುಲನಾಮ ಎಂಬ ಮೂರು ಭಾಗಗಳನ್ನು ಕೇಳುತ್ತಾನೆ. ಹುಡುಗನಿಗೆ ತೋಚಿದಂತೆ ಹೇಳುತ್ತಾನೆ. ಆಧಾರ್ ಚೀಟಿಯಲ್ಲಿ ತಂದೆಯ ಹೆಸರು ನಡುವೆ ಬಂದು ಜಾತಿಯ ಹೆಸರು ಕೊನೆಗೆ ಕೂರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಊರಿನ ಹೆಸರೇ ಕುಲನಾಮವಾಗುತ್ತದೆ. ಪ್ಯಾನ್ ಚೀಟಿಯಲ್ಲಿ ಬರಿಯ ಮಂಜುನಾಥ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಕೊನೆಗೆ 'ಎ' ಅಕ್ಷರ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಶೆಟ್ಟಿ ಎಂಬುದರ ಕೊನೆಗೆ ಒಂದೆಡೆ 'ವೈ', ಇನ್ನೊಂದೆಡೆ 'ಐ'. ಹೋಟೆಲಿನಲ್ಲಿ ಮಾತ್ರ ಅವನು ಎಲ್ಲರಿಗೂ ಮಂಜಣ್ಣ. ಆದ್ದರಿಂದ ಇಷ್ಟು ವರ್ಷ ಈ ಭೇದಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಪಾಸ್‌ಪೋರ್ಟು ಕಚೇರಿಯ ಮೇಜಿನ ಮೇಲೆ ಈ ನಾಲ್ಕು ಪತ್ರಗಳನ್ನು ಒಟ್ಟಿಗೆ ಹರಡಿದಾಗ ಅಲ್ಲಿ ಒಬ್ಬ ಮನುಷ್ಯನಿಲ್ಲ, ನಾಲ್ವರಿದ್ದಾರೆ. ಅಧಿಕಾರಿ ಸಂಶಯಪಟ್ಟರೆ ಅವನನ್ನು ದೂರುವಂತಿಲ್ಲ.

ಇದಕ್ಕೆ ಪರಿಹಾರವುಂಟು; ಅದನ್ನು ಅರ್ಜಿಗೆ ಮೊದಲೇ ಮಾಡಿಕೊಳ್ಳಬೇಕು. ಮೊದಲು ಒಂದು ಪತ್ರವನ್ನು ಮೂಲವೆಂದು ನಿಶ್ಚಯಿಸಿಕೊಳ್ಳಿರಿ. ಹತ್ತನೆಯ ತರಗತಿಯ ಅಂಕಪಟ್ಟಿಯೋ ಶಾಲೆ ಬಿಟ್ಟ ಪ್ರಮಾಣಪತ್ರವೋ ಇದ್ದವರಿಗೆ ಅದೇ ಮೂಲವಾಗುವುದು ಮೇಲು. ಏಕೆಂದರೆ ವರ್ಷಗಳ ಹಿಂದಿನ ಶಾಲೆಯ ದಾಖಲೆಯನ್ನು ತಿದ್ದಿಸುವುದು ಕಷ್ಟ, ಆಧಾರ್, ಪ್ಯಾನ್, ಬ್ಯಾಂಕು ಪುಸ್ತಕಗಳನ್ನು ತಿದ್ದಿಸುವುದು ಅದಕ್ಕಿಂತ ಸುಲಭ. ಆದರೆ ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಬಾರಿ ಮಾತ್ರ, ಜನನ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶವಿದೆ. ಆತುರದಿಂದ ಒಂದನ್ನು ತಿದ್ದಿಸಿ, ಮತ್ತೆ ಅದನ್ನು ತಿದ್ದಿಸಲು ಅಲೆಯುವ ಸ್ಥಿತಿ ತಂದುಕೊಳ್ಳಬಾರದು. ಬರೆಯಿಸಬೇಕಾದ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಂಡು, ಎಲ್ಲ ಕಡೆಗೂ ಅದನ್ನೇ ತೋರಿಸತಕ್ಕದ್ದು.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ಹೆಸರಿಗೆ ಎರಡು ಕಲಮುಗಳಿವೆ: ಒಂದು ಇಟ್ಟ ಹೆಸರಿಗೆ, ಇನ್ನೊಂದು ಕುಲನಾಮಕ್ಕೆ. ಅಲ್ಲಿ ಇನಿಷಿಯಲ್ಲುಗಳಿಗೆ ಎಡೆಯಿಲ್ಲ, ಕೆ. ಎಸ್. ಎಂಬುದನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಕುಲನಾಮವಿಲ್ಲವೆಂದು ಎರಡನೆಯ ಕಲಮನ್ನು ಬರಿದಾಗಿ ಬಿಡುವುದು ನಮ್ಮ ನಿಯಮಕ್ಕೆ ವಿರುದ್ಧವಲ್ಲವಾದರೂ ಪರದೇಶದಲ್ಲಿ ತೊಂದರೆ ತರಬಲ್ಲದು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ದೇಶವು, ಒಂಟಿ ಹೆಸರಿನ ಪಾಸ್‌ಪೋರ್ಟು ಉಳ್ಳವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲವೆಂದು ತಿಳಿಸಿತು; ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತೆಂಬ ಸಡಿಲಿಕೆ ಆಮೇಲೆ ಬಂದಿತು. ಕೊಲ್ಲಿಯ ಕಡೆ ಹೋಗುವ ಯೋಚನೆಯುಳ್ಳವರು ಎರಡೂ ಕಲಮುಗಳನ್ನು ತುಂಬುವುದೇ ಜಾಣತನ. ಯಾವ ಭಾಗ ಎಲ್ಲಿಗೆ ಎಂಬುದನ್ನು ಮೂಲಪತ್ರಗಳನ್ನು ಸರಿಪಡಿಸುವಾಗಲೇ ತೀರ್ಮಾನಿಸಿಕೊಂಡಿರಬೇಕು.

ಜೂನ್ ಒಂದನೆಯ ತಾರೀಖು

ನಮ್ಮ ಹಳ್ಳಿಗಳ ಶಾಲಾ ದಾಖಲೆಗಳನ್ನು ನೋಡಿದರೆ ಎಷ್ಟೋ ಮಂದಿ ಜೂನ್ ಒಂದನೆಯ ತಾರೀಖಿಗೇ ಹುಟ್ಟಿದ್ದಾರೆ. ಮಗುವನ್ನು ಸೇರಿಸಲು ಬಂದ ತಂದೆಗೆ ದಿನ ನೆನಪಿಲ್ಲ. ಆ ಸಲದ ಮಳೆಯಲ್ಲಿ ಎಂದೋ ದೀಪಾವಳಿಯ ಹಿಂದುಮುಂದು ಎಂದೋ ಹೇಳುತ್ತಾನೆ. ಹೆಡ್ಮಾಸ್ತರರು ಶಾಲೆಗೆ ಸೇರುವ ವಯಸ್ಸಿಗೆ ಸರಿಹೊಂದುವಂತೆ ಒಂದು ವರ್ಷವನ್ನೂ ಜೂನ್ ತಿಂಗಳನ್ನೂ ಬರೆದುಬಿಡುತ್ತಾರೆ. ಇದು ಉಪಕಾರ ಬುದ್ಧಿಯಿಂದಲೇ ಆದ ಕೆಲಸ. ಆದರೆ ಜಾತಕದಲ್ಲಿ ಒಂದು ದಿನ, ಗ್ರಾಮದ ಜನನ ದಾಖಲೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂದಾದರೆ, ಬೆಲೆ ತೆರುವವನು ಮೂವತ್ತು ವರ್ಷಗಳ ಮೇಲೆ ಕೌಂಟರಿನ ಮುಂದೆ ನಿಂತವನು.

ನಿಯಮವು ಈಗ ಮೊದಲಿಗಿಂತ ಉದಾರವಾಗಿದೆ. 1989ರ ಜನವರಿ 26 ಮತ್ತು ಅನಂತರ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ತರಬೇಕೆಂಬ ಕಟ್ಟಳೆಯನ್ನು 2016ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. 2025ರ ತಿದ್ದುಪಡಿಯಂತೆ 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರ ಕಡ್ಡಾಯ. ಅದಕ್ಕೆ ಮೊದಲು ಹುಟ್ಟಿದವರು, ಎಂದರೆ ಇದನ್ನು ಓದುತ್ತಿರುವವರೆಲ್ಲರೂ, ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ, ಪ್ಯಾನ್ ಚೀಟಿ, ವಾಹನ ಚಾಲನೆಯ ಪರವಾನಗಿ, ಮತದಾರರ ಗುರುತಿನ ಚೀಟಿ, ಜೀವವಿಮೆಯ ಪಾಲಿಸಿ ಇವುಗಳಲ್ಲಿ ಒಂದನ್ನು ತೋರಿಸಬಹುದು. ಒಂದು ಸಾಕೆಂದ ಮಾತ್ರಕ್ಕೆ ಉಳಿದವುಗಳಲ್ಲಿ ಬೇರೆ ದಿನಾಂಕಗಳಿರಲಿ ಎಂದು ಬಿಡಬಾರದು. ಒಂದು ತಾರೀಖನ್ನು ಹಿಡಿದು ಎಲ್ಲೆಡೆಯೂ ಅದನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಇಲ್ಲಿಯೇ ಎಚ್ಚರಿಕೆಯ ಮಾತೊಂದನ್ನು ಹೇಳಬೇಕಾಗಿದೆ. ಹಣ ಕೊಟ್ಟರೆ ಶಾಲೆಯ ಪ್ರಮಾಣಪತ್ರ, ಜನನಪತ್ರ ಎಲ್ಲವನ್ನೂ ಮಾಡಿಸಿಕೊಡುತ್ತೇವೆ ಎನ್ನುವವರು ಪ್ರತಿ ನಗರದಲ್ಲಿಯೂ ಇದ್ದಾರೆ. ತಿಳಿದೂ ಸುಳ್ಳು ಮಾಹಿತಿ ಕೊಟ್ಟು ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಾಸ್‌ಪೋರ್ಟು ಪಡೆದರೆ ಪಾಸ್‌ಪೋರ್ಟು ಕಾಯಿದೆಯ 12ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆವಾಸ, 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಪತ್ರ ಮಾಡಿಸಿಕೊಟ್ಟವನು ಅಂದು ಕಾಣಸಿಗುವುದಿಲ್ಲ. ಅರ್ಜಿಯ ಕೆಳಗಿರುವ ಸಹಿ ಅರ್ಜಿದಾರನದೇ.

ಮಲಗುವ ಠಾವು ಯಾವ ವಿಳಾಸ?

ಮೂರನೆಯ ತೊಡಕು ವಿಳಾಸದ್ದು. ಹೋಟೆಲಿನ ಅಟ್ಟದಲ್ಲಿ ಮಲಗುವವರು, ಎಂಟು ಹತ್ತು ಮಂದಿ ಸೇರಿ ಒಂದು ಖೋಲಿಯಲ್ಲಿರುವವರು, ವರ್ಷಕ್ಕೊಂದು ಹೋಟೆಲು ಬದಲಿಸುವವರು ನಮ್ಮಲ್ಲಿ ಸಾವಿರಾರು. ಬಾಡಿಗೆಯ ಕರಾರು ಇನ್ನೊಬ್ಬರ ಹೆಸರಿನಲ್ಲಿ, ವಿದ್ಯುತ್ತಿನ ಬಿಲ್ಲು ಮಾಲಿಕರ ಹೆಸರಿನಲ್ಲಿ, ಆಧಾರಿನ ವಿಳಾಸ ಊರಿನದು. ಹೀಗಿರುವಾಗ ಈಗ ವಾಸಿಸುವ ಸ್ಥಳಕ್ಕೆ ಆಧಾರವೇನು?

ಒಂದು ಸಂಗತಿ ನಮಗೆ ಅನುಕೂಲವಾಗಿದೆ. 2018ರಿಂದ ದೇಶದ ಯಾವ ಭಾಗದಲ್ಲಿರುವವರು ಯಾವ ಪಾಸ್‌ಪೋರ್ಟು ಕಚೇರಿಯಲ್ಲಾದರೂ ಅರ್ಜಿ ಸಲ್ಲಿಸಬಹುದು. ಮುಂಬಯಿಯಲ್ಲಿರುವವನು ಊರಿಗೆ ಹೋಗಿಯೇ ಮಾಡಿಸಬೇಕೆಂದಿಲ್ಲ. ಆದರೆ ಪೊಲೀಸರ ವಿಚಾರಣೆ ನಡೆಯುವುದೂ ಪಾಸ್‌ಪೋರ್ಟು ಅಂಚೆಯಲ್ಲಿ ಬರುವುದೂ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ. ಮುಂಬಯಿಯಲ್ಲಿ ವಾಸವಾಗಿದ್ದು ಊರಿನ ಮನೆಯ ವಿಳಾಸ ಕೊಟ್ಟರೆ ಪೇದೆ ಹೋಗಿ ವಿಚಾರಿಸಿದಾಗ ನೆರೆಮನೆಯವರು ಪ್ರಾಮಾಣಿಕವಾಗಿಯೇ 'ಅವನು ಇಲ್ಲಿಲ್ಲ, ಮುಂಬಯಿಯಲ್ಲಿದ್ದಾನೆ' ಎನ್ನುತ್ತಾರೆ. ವರದಿ ಪ್ರತಿಕೂಲವಾಗುತ್ತದೆ, ಕಡತ ನಿಂತುಹೋಗುತ್ತದೆ.

ಆದ್ದರಿಂದ ನಿಜವಾಗಿ ವಾಸಿಸುವ ವಿಳಾಸವನ್ನೇ ಕೊಡತಕ್ಕದ್ದು. ಅದಕ್ಕೆ ಸಾಕ್ಷಿಯಾಗಿ ಆಧಾರ್, ಮತದಾರರ ಚೀಟಿ, ನೋಂದಣಿಯಾದ ಬಾಡಿಗೆಯ ಕರಾರು, ಅಡಿಗೆ ಅನಿಲದ ಸಂಪರ್ಕದ ಪತ್ರ, ಭಾವಚಿತ್ರವುಳ್ಳ ಬ್ಯಾಂಕು ಪುಸ್ತಕ ಮುಂತಾದವುಗಳು ನಡೆಯುತ್ತವೆ. ಯಜಮಾನರ ಪ್ರಮಾಣಪತ್ರವೂ ಪಟ್ಟಿಯಲ್ಲಿದೆ. ಆದರೆ ಅದು ಹೆಸರುವಾಸಿಯಾದ ಕಂಪೆನಿಗಳ ಪತ್ರಕ್ಕೆ ಹೇಳಿದ ಮಾತು. ಬೀದಿಯ ಮೂಲೆಯ ಸಣ್ಣ ಹೋಟೆಲಿನ ಚೀಟಿಯನ್ನು ನಂಬಿ ಹೊರಡುವುದು ಸರಿಯಲ್ಲ. ಹೋಟೆಲು ನೌಕರನಿಗೆ ಸುಲಭವಾದ ಉಪಾಯವೆಂದರೆ ಆಧಾರಿನ ವಿಳಾಸವನ್ನು ಈಗಿರುವ ಕಡೆಗೆ ಬದಲಿಸಿಕೊಂಡು, ಹತ್ತಿರದ ಬ್ಯಾಂಕಿನ ಪುಸ್ತಕದಲ್ಲಿಯೂ ಅದನ್ನೇ ಬರೆಯಿಸುವುದು. ವಿಳಾಸದ ಬದಲಾವಣೆಗೆ ಹೆಸರಿನಂತೆ ಮಿತಿಯಿಲ್ಲ.

ಅರ್ಜಿಯ ಕ್ರಮ

ಪತ್ರಗಳು ಸರಿಹೊಂದಿದ ಮೇಲೆ ಉಳಿದದ್ದು ಸುಲಭ. ಹಿಂದೆ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಫಾರಮು ಪಡೆಯುವ ಕಾಲವೊಂದಿತ್ತು. ಪಾಸ್‌ಪೋರ್ಟು ಸೇವಾ ಕೇಂದ್ರಗಳೆಂಬ ಹೊಸ ಏರ್ಪಾಡು 2010ರಲ್ಲಿ ಪ್ರಯೋಗಾರ್ಥವಾಗಿ ತೊಡಗಿದಾಗ ಅದಕ್ಕೆ ಆರಿಸಿಕೊಂಡ ಕೆಲವೇ ಊರುಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳೂ ಇದ್ದವು. ಅಂಚೆ ಕಚೇರಿಗಳಲ್ಲಿಯೇ ಪಾಸ್‌ಪೋರ್ಟು ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಲ್ಲಿಯೂ ಗುಜರಾತಿನ ದಾಹೋದಿನಲ್ಲಿಯೂ ಮೊದಲಾಯಿತು. ಇಂದು ದೇಶದ ಎಲ್ಲ ಕಡೆಗಳಲ್ಲಿ ಇಂತಹ ಕೇಂದ್ರಗಳಿವೆ.

ಅರ್ಜಿಯನ್ನು ತುಂಬುವುದು ಅಂತರ್ಜಾಲದಲ್ಲಿ. ಸರ್ಕಾರದ ತಾಣದ ಹೆಸರು ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಕೊನೆಗೆ 'ಗವ್ ಡಾಟ್ ಇನ್' ಎಂದಿಲ್ಲದೆ, ಇದನ್ನೇ ಹೋಲುವ ಹೆಸರಿಟ್ಟುಕೊಂಡು ಹಣ ಕಸಿಯುವ ತಾಣಗಳಿಂದ ದೂರವಿರಬೇಕು. ಎಂಪಾಸ್‌ಪೋರ್ಟ್ ಸೇವಾ ಎಂಬ ಸರ್ಕಾರಿ ಆ್ಯಪ್ ಮೂಲಕ ಮೊಬೈಲಿನಿಂದಲೂ ಅರ್ಜಿ ಸಲ್ಲಿಸಬಹುದು. ಸಂದೇಹವಿದ್ದರೆ 1800-258-1800 ಎಂಬ ಶುಲ್ಕವಿಲ್ಲದ ದೂರವಾಣಿಯುಂಟು. ವಯಸ್ಕರಿಗೆ ಹತ್ತು ವರ್ಷ ನಡೆಯುವ 36 ಪುಟಗಳ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. 60 ಪುಟಗಳದ್ದಕ್ಕೆ 2,000. ತುರ್ತಾಗಿ ಬೇಕಾದವರಿಗೆ ತತ್ಕಾಲ್ ಎಂಬ ಏರ್ಪಾಡಿದೆ. ಅದಕ್ಕೆ 2,000 ರೂಪಾಯಿ ಹೆಚ್ಚು. ಈ ಲೆಕ್ಕವನ್ನು ನೆನಪಿಟ್ಟರೆ ಏಜೆಂಟನು ಎಂಟು ಹತ್ತು ಸಾವಿರ ಕೇಳಿದಾಗ ಅದರಲ್ಲಿ ಸರ್ಕಾರದ ಪಾಲೆಷ್ಟು, ಅವನ ಪಾಲೆಷ್ಟು ಎಂಬುದು ತಿಳಿಯುತ್ತದೆ.

ಹಣ ಕಟ್ಟಿ ಭೇಟಿಯ ದಿನ ಗೊತ್ತುಪಡಿಸಿಕೊಂಡ ಮೇಲೆ ಮೂಲಪತ್ರಗಳನ್ನೂ ಅವುಗಳ ನಕಲುಗಳನ್ನೂ ಹಿಡಿದು ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಎ, ಬಿ, ಸಿ ಎಂಬ ಮೂರು ಕೌಂಟರುಗಳು. ಮೊದಲನೆಯದರಲ್ಲಿ ಪತ್ರಗಳನ್ನು ನೋಡಿ, ಭಾವಚಿತ್ರವನ್ನೂ ಬೆರಳಚ್ಚನ್ನೂ ತೆಗೆದುಕೊಳ್ಳುತ್ತಾರೆ. ಫೋಟೋ ಒಯ್ಯುವ ಅಗತ್ಯವಿಲ್ಲ. ಎರಡನೆಯದರಲ್ಲಿ ಸರ್ಕಾರಿ ಅಧಿಕಾರಿ ಪತ್ರಗಳನ್ನು ತಾಳೆ ನೋಡುತ್ತಾರೆ. ಮೂರನೆಯದರಲ್ಲಿ ಕೊಡುವ ಬಿಡುವ ತೀರ್ಮಾನ. ಎ ಕೌಂಟರಿನಲ್ಲಿ ಬೆರಳಚ್ಚಿಗೆ ಮುನ್ನ, ಅರ್ಜಿಯಲ್ಲಿ ಬರೆದದ್ದೆಲ್ಲ ಪರದೆಯ ಮೇಲೆ ಕಾಣುವಾಗ, ಪ್ರತಿಯೊಂದು ಅಕ್ಷರವನ್ನೂ ನಿಧಾನವಾಗಿ ಓದಬೇಕು. ಇಂಗ್ಲಿಷು ಬಾರದವರು ಹಿಂದೆ ಹೇಳಿದ ಆ ಹಾಳೆಯನ್ನು ಕೈಯಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿದರಾಯಿತು. ಪಾಸ್‌ಪೋರ್ಟು ಅಚ್ಚಾದ ಮೇಲೆ ಒಂದಕ್ಷರ ತಿದ್ದಬೇಕಾದರೂ ಮತ್ತೆ ಅರ್ಜಿ, ಮತ್ತೆ ಶುಲ್ಕ.

2016ರ ನಿಯಮಗಳು ಇನ್ನೂ ಕೆಲವು ಸೌಕರ್ಯಗಳನ್ನು ತಂದಿವೆ. ಘೋಷಣಾಪತ್ರಗಳನ್ನು ಬಿಳಿಯ ಹಾಳೆಯ ಮೇಲೆ ಬರೆದುಕೊಟ್ಟರೆ ಸಾಕು, ನೋಟರಿಯ ಮೊಹರು ಬೇಡ. ತಂದೆತಾಯಿಗಳಲ್ಲಿ ಒಬ್ಬರ ಹೆಸರಿದ್ದರೂ ನಡೆಯುತ್ತದೆ. ವಿವಾಹದ ಪ್ರಮಾಣಪತ್ರ ಕೇಳುವುದಿಲ್ಲ. ಸರ್ಕಾರಿ ಕಚೇರಿಗಳಲ್ಲಿಯೂ ಸರ್ಕಾರಿ ಬ್ಯಾಂಕುಗಳಲ್ಲಿಯೂ ಇರುವ ಗುಮಾಸ್ತರು ಮೇಲಧಿಕಾರಿಯ ಒಪ್ಪಿಗೆಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಅರ್ಜಿ ಹಾಕುತ್ತಿದ್ದೇನೆಂದು ಕಚೇರಿಗೆ ಮುಂಚಿತವಾಗಿ ಪತ್ರ ಬರೆದು, ಅದರ ಪ್ರತಿಯನ್ನು ಕೊಟ್ಟರೂ ಆಗುತ್ತದೆ.

ಪೇದೆ ಬಂದಾಗ

ಆಮೇಲಿನದು ಪೊಲೀಸರ ವಿಚಾರಣೆ. ಮನೆಗೆ ಬರಬಹುದು, ಠಾಣೆಗೆ ಕರೆಯಬಹುದು. ಹಗಲೆಲ್ಲ ಹೋಟೆಲಿನಲ್ಲಿರುವವನು ಖೋಲಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಜೊತೆಯಲ್ಲಿರುವವರಿಗೂ ನೆರೆಯವರಿಗೂ ಕಟ್ಟಡದ ಕಾವಲುಗಾರನಿಗೂ ವಿಷಯ ತಿಳಿಸಿ, ಹೋಟೆಲಿನ ಹಾಗೂ ತಮ್ಮ ಮೊಬೈಲಿನ ನಂಬರನ್ನು ಕೊಟ್ಟಿರಬೇಕು. ಹೋಟೆಲಿನಲ್ಲಿ ಮಂಜಣ್ಣ ಎಂದೇ ಬಲ್ಲವರಿಗೆ ಪತ್ರದಲ್ಲಿರುವ ಹೆಸರನ್ನು ತಿಳಿಸಿರುವುದು ಒಳಿತು. ಇಲ್ಲವಾದರೆ ಪೇದೆ ಪೂರ್ತಿ ಹೆಸರು ಹಿಡಿದು ಕೇಳಿದಾಗ ಹಾಗೆಂಬುವನು ಇಲ್ಲಿಲ್ಲ ಎಂಬ ಉತ್ತರ ಬಂದೀತು. ಈ ವಿಚಾರಣೆಗೆ ಅರ್ಜಿದಾರನು ಕೊಡಬೇಕಾದ ಶುಲ್ಕ ಯಾವುದೂ ಇಲ್ಲ. ಚಹದ ಖರ್ಚೆಂದು ಕೈಚಾಚಿದರೆ ಅದು ಲಂಚ. ಕೊಡುವುದು ವಾಡಿಕೆಯೆಂದು ಭಾವಿಸಬಾರದು.

ನ್ಯಾಯಾಲಯದಲ್ಲಿ ಅಪರಾಧದ ಮೊಕದ್ದಮೆ ನಡೆಯುತ್ತಿದ್ದರೆ, ಅದು ಊರಿನ ಜಮೀನಿನ ಜಗಳದಲ್ಲಿ ಹುಟ್ಟಿಕೊಂಡ ಹೊಡೆದಾಟದ್ದಾಗಿದ್ದರೂ, ಅರ್ಜಿಯಲ್ಲಿ ಮುಚ್ಚಿಡಬಾರದು. ಆ ನ್ಯಾಯಾಲಯದ ಅಪ್ಪಣೆ ಪಡೆದು ಪಾಸ್‌ಪೋರ್ಟು ಪಡೆಯುವ ದಾರಿಯಿದೆ. ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನು ಸರ್ಕಾರ ಯಾವಾಗ ಬೇಕಾದರೂ ವಶಪಡಿಸಿಕೊಳ್ಳಬಹುದು.

ಹತ್ತನೆಯ ತರಗತಿಯ ಬೆಲೆ

ಇನ್ನು ಹೇಳುವುದು ನಮ್ಮ ಹೋಟೆಲು ನೌಕರರ ಬಾಳಿಗೆ ತೀರ ಹತ್ತಿರದ ಸಂಗತಿ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇ.ಸಿ.ಆರ್.' ಎಂದು ಅಚ್ಚಾಗಿರುತ್ತದೆ. ಎಂದರೆ, ಕೊಲ್ಲಿಯ ದೇಶಗಳು, ಮಲೇಶಿಯಾ ಮುಂತಾಗಿ ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. 1983ರ ವಲಸೆ ಕಾಯಿದೆ ಇದಕ್ಕೆ ಆಧಾರ. ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ಈ ಅಧಿಕಾರಿಯ ಕಚೇರಿಗಳಿವೆ. ಹತ್ತನೆಯ ತರಗತಿ ತೇರ್ಗಡೆಯಾದವರು, ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು ಮೊದಲಾದವರಿಗೆ ಈ ಕಟ್ಟಳೆಯಿಲ್ಲ. ಅವರ ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳೂ ಇರುವುದಿಲ್ಲ. ಆದುದರಿಂದ ಹತ್ತನೆಯ ತರಗತಿಯ ಪ್ರಮಾಣಪತ್ರ ಇರುವವರು ಅದನ್ನು ಮರೆಯದೆ ಒಯ್ದು ತೋರಿಸಬೇಕು.

ಈ ಅನುಮತಿಯನ್ನು ಬರಿಯ ಅಡ್ಡಿಯೆಂದು ತಿಳಿಯುವುದು ಸರಿಯಲ್ಲ. ಓದು ಕಡಿಮೆಯಿರುವ ದುಡಿಮೆಗಾರನು ಪರದೇಶದಲ್ಲಿ ಮೋಸಹೋಗದಿರಲಿ ಎಂಬುದೇ ಅದರ ಉದ್ದೇಶ. ಅನುಮತಿಗೆ ಕೆಲಸದ ಕರಾರು ತೋರಿಸಬೇಕು. ಸಂಬಳವೆಷ್ಟು, ಕೆಲಸವೇನು ಎಂಬುದು ಬರವಣಿಗೆಯಲ್ಲಿರುತ್ತದೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು ಕಟ್ಟಿದರೆ ಅಪಘಾತದಲ್ಲಿ ಮರಣವೋ ಶಾಶ್ವತ ಅಂಗವೈಕಲ್ಯವೋ ಒದಗಿದಾಗ 10 ಲಕ್ಷ ರೂಪಾಯಿಗಳ ರಕ್ಷಣೆ. ಸರ್ಕಾರದಲ್ಲಿ ನೋಂದಾಯಿತನಾದ ಏಜೆಂಟನು ದುಡಿಮೆಗಾರನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಏಜೆಂಟನು ನೋಂದಾಯಿತನೋ ಅಲ್ಲವೋ ಎಂಬುದನ್ನು ಇ-ಮೈಗ್ರೇಟ್ ಎಂಬ ಸರ್ಕಾರಿ ತಾಣದಲ್ಲಿ ನೋಡಬಹುದು.

ನೋಂದಣಿಯಿಲ್ಲದ ದಲ್ಲಾಳಿಗಳು ಇದನ್ನೆಲ್ಲ ತಪ್ಪಿಸಲು ಸಂದರ್ಶಕ ವೀಸಾದ ಮೇಲೆ ಕಳುಹಿಸಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ ಎನ್ನುತ್ತಾರೆ. ಹಾಗೆ ಹೋದವನಿಗೆ ಕರಾರಿಲ್ಲ, ವಿಮೆಯಿಲ್ಲ. ವೀಸಾದ ಅವಧಿ ಮುಗಿದ ದಿನದಿಂದ ಅಲ್ಲಿಯ ಕಾನೂನಿನ ಕಣ್ಣಿನಲ್ಲಿ ಅವನು ಅಪರಾಧಿ. ಅಡಿಗೆಯ ಕೆಲಸವೆಂದು ಕರೆದೊಯ್ದು ಬೇರಾವುದೋ ಕೆಲಸಕ್ಕೆ ಹಚ್ಚಿದರೂ ದೂರಲು ಅವನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಪುಸ್ತಕ ಹಿಡಿದ ಹುಡುಗರು ಎಷ್ಟೋ ಮಂದಿ. ಅವರು ಪಡೆದ ಪ್ರಮಾಣಪತ್ರದ ಬೆಲೆ ಇಲ್ಲಿ ಕಾಣುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿಯೂ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಹತ್ತನೆಯ ತರಗತಿ ಮುಗಿಸಿಕೊಂಡರೆ ಅದು ವ್ಯರ್ಥವಾಗದು ಎಂದು ನಾವು ಒತ್ತಿ ಹೇಳುತ್ತೇವೆ.

ಕೈಗೆ ಬಂದ ಮೇಲೆ

ಪಾಸ್‌ಪೋರ್ಟು ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಈಗ ಕೊಡುವವುಗಳಲ್ಲಿ, 2024ರಲ್ಲಿ ಪ್ರಯೋಗಾರ್ಥವಾಗಿ ತೊಡಗಿ ಆಮೇಲೆ ದೇಶಕ್ಕೆಲ್ಲ ಹರಡಿದ ಇ-ಪಾಸ್‌ಪೋರ್ಟಿನ ಚಿಪ್ಪು ಇರುತ್ತದೆ. ಹೊದಿಕೆಯ ಮೇಲೆ ಚಿನ್ನದ ಬಣ್ಣದ ಚಿಕ್ಕ ಗುರುತೊಂದು ಅದನ್ನು ತಿಳಿಸುತ್ತದೆ. ಅದನ್ನು ಮಡಿಸಬಾರದು, ನೀರಿಗೆ ಒಡ್ಡಬಾರದು. ಮೊದಲ ಮತ್ತು ಕೊನೆಯ ಪುಟಗಳ ನಕಲನ್ನು ಮನೆಯಲ್ಲಿಯೂ ಮೊಬೈಲಿನಲ್ಲಿಯೂ ಇರಿಸಿಕೊಳ್ಳಬೇಕು. ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುವುದರಿಂದ ಕೊನೆಯ ವರ್ಷದಲ್ಲಿಯೇ ನವೀಕರಣಕ್ಕೆ ತೊಡಗುವುದು ಒಳಿತು.

ಪಾಸ್‌ಪೋರ್ಟು ನಮ್ಮ ಕೈಯಲ್ಲಿದ್ದರೂ ಕಾಯಿದೆಯಂತೆ ಅದು ಕೇಂದ್ರ ಸರ್ಕಾರದ ಸ್ವತ್ತು. ಏಜೆಂಟನಾಗಲಿ ಪರದೇಶದ ಯಜಮಾನನಾಗಲಿ ಅದನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ಉಳ್ಳವನಲ್ಲ. ಕೊಲ್ಲಿಯ ಹಲವು ದೇಶಗಳ ಕಾನೂನುಗಳೂ ಯಜಮಾನರು ಪಾಸ್‌ಪೋರ್ಟನ್ನು ಹಿಡಿದಿಡುವುದನ್ನು ನಿಷೇಧಿಸಿವೆ. ಇಂತಹ ಸಂದರ್ಭದಲ್ಲಿ ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ಹೋಗಿ ದೂರು ಕೊಡಲು ಹಿಂಜರಿಯಬಾರದು.

ಕೊನೆಯದಾಗಿ, ಪರನಾಡುಗಳಲ್ಲಿರುವ ನಮ್ಮ ಕನ್ನಡ ಸಂಘಗಳಿಗೂ ಹೋಟೆಲು ಮಾಲಿಕರಿಗೂ ನಮ್ಮದೊಂದು ವಿನಂತಿ. ಯಕ್ಷಗಾನಕ್ಕೂ ನಾಡಹಬ್ಬಕ್ಕೂ ಸಭಾಂಗಣ ತೆರೆಯುವ ಸಂಘಗಳು ತಿಂಗಳಿಗೊಂದು ಭಾನುವಾರ, ಮಧ್ಯಾಹ್ನದ ಊಟದ ಗದ್ದಲ ಇಳಿದ ಹೊತ್ತಿನಲ್ಲಿ, ಒಂದು ಮೇಜು ಹಾಕಿ ಇಬ್ಬರು ಗುಮಾಸ್ತ ಬಂಧುಗಳನ್ನು ಕೂರಿಸಲಿ. ಬಂದವರ ಪತ್ರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು, ಯಾವುದರಲ್ಲಿ ಯಾವ ಅಕ್ಷರ ಬೇರೆಯಾಗಿದೆ, ಯಾವುದನ್ನು ಮೊದಲು ತಿದ್ದಿಸಬೇಕು ಎಂದು ಬರೆದುಕೊಟ್ಟರೆ ಸಾಕು. ಇದಕ್ಕೆ ಹಣ ಬೇಡ, ಕಾನೂನಿನ ಪಾಂಡಿತ್ಯವೂ ಬೇಡ; ಇಂಗ್ಲಿಷು ಓದಬಲ್ಲ ಕಣ್ಣು ಮತ್ತು ಎರಡು ಗಂಟೆಯ ತಾಳ್ಮೆ ಸಾಕು. ಮಾಲಿಕರು ತಮ್ಮ ನೌಕರನಿಗೆ ಆಧಾರ್ ಕೇಂದ್ರಕ್ಕೂ ಪಾಸ್‌ಪೋರ್ಟು ಕೇಂದ್ರಕ್ಕೂ ಹೋಗಿಬರಲು ಸಂಬಳ ಹಿಡಿಯದೆ ಒಂದೊಂದು ದಿನದ ಬಿಡುವು ಕೊಡಲಿ. ಪರದೇಶಕ್ಕೆ ಹೋಗುವ ಯೋಚನೆ ಇಂದು ಇಲ್ಲದವನಿಗೂ ಈ ಕೆಲಸ ನಷ್ಟವಲ್ಲ. ಸರಿಹೊಂದಿದ ಪತ್ರಗಳು ನಾಳೆ ಭವಿಷ್ಯನಿಧಿಯ ಹಣ ಪಡೆಯುವಾಗಲೂ ಮನೆ ಕೊಳ್ಳುವಾಗಲೂ ಅವನಿಗೆ ನೆರವಾಗುತ್ತವೆ.